ಕಿರಿಯರು ಬಾಯಿಬಿಡಲಿ, ಹಿರಿಯರು ಕಿವಿಗೊಡಲಿ

2005ರ ಮಾರ್ಚ್ 29ರಂದು ಇಂಗ್ಲೆಂಡಿನಲ್ಲಿ ಎಲೇನ್ ಬ್ರಾಮಿಲಿ ಎಂಬ 37 ವರ್ಷದ ತಾಯಿ ಸೈನಸ್ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಕಟ್ಟಿಕೊಂಡಿತು. ಅಲ್ಲಿದ್ದವರೆಲ್ಲ ನುರಿತ ವೈದ್ಯರೇ. ಗಂಟಲಿಗೆ ಕೊಳವೆ ಇಳಿಸಲು ಮತ್ತೆ ಮತ್ತೆ ಹೆಣಗಿದರು, ಹೊತ್ತು ಹೋದದ್ದೇ ತಿಳಿಯಲಿಲ್ಲ. ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರು ಕೊಡುವ ಟ್ರೆಕಿಯಾಸ್ಟಮಿ ಸೆಟ್ಟನ್ನು ಒಬ್ಬ ನರ್ಸ್ ತಂದಿಟ್ಟು, ಸಿದ್ಧವಿದೆ ಎಂದರು. ಯಾರೂ ಕೈಗೆತ್ತಿಕೊಳ್ಳಲಿಲ್ಲ. ಇನ್ನೊಬ್ಬರು ಐಸಿಯುನಲ್ಲಿ ಹಾಸಿಗೆ ಗೊತ್ತುಮಾಡಿ ಬಂದು ತಿಳಿಸಿದರು. ವೈದ್ಯರ ಮುಖ ನೋಡಿ ತಾನೇ ಅತಿಮಾಡಿದೆನೇನೋ ಎಂದುಕೊಂಡು ಅದನ್ನೂ ರದ್ದು ಮಾಡಿದರು. ಎಲೇನ್‌ಗೆ ಪ್ರಜ್ಞೆ ಮರಳಲಿಲ್ಲ. 13 ದಿನಗಳ ನಂತರ ತೀರಿಕೊಂಡರು.

ಪತಿ ಮಾರ್ಟಿನ್ ಬ್ರಾಮಿಲಿ ವಿಮಾನದ ಪೈಲಟ್. ಅವರ ವೃತ್ತಿಗೆ ಈ ಪಾಠ ಹಳೆಯದು. 1977ರಲ್ಲಿ ಟೆನೆರೀಫ್ ನಿಲ್ದಾಣದ ಮಂಜಿನಲ್ಲಿ, ರನ್‌ವೇ ಮೇಲೆ ಇನ್ನೊಂದು ವಿಮಾನ ಇರಬಹುದೆಂಬ ಅನುಮಾನವನ್ನು ಫ್ಲೈಟ್ ಎಂಜಿನಿಯರ್ ಬಾಯಿಬಿಟ್ಟು ಹೇಳಿದ್ದರು. ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿ ಮುನ್ನುಗ್ಗಿದರು. 583 ಜನ ಸತ್ತರು. ಆಮೇಲೆ ಕಾಕ್‌ಪಿಟ್ಟಿನಲ್ಲಿ ಕಿರಿಯರು ಮಾತಾಡುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ತರಬೇತಿಯ ಭಾಗವಾಗಿಸಿದರು. ಆಸ್ಪತ್ರೆಗಳೂ ಇದನ್ನು ಕಲಿಯಲೆಂದು ಬ್ರಾಮಿಲಿ 2007ರಲ್ಲಿ ಒಂದು ಸಂಘಟನೆ ಕಟ್ಟಿದರು. ವೈದ್ಯರನ್ನು ಜೈಲಿಗೆ ಕಳಿಸುವುದು ಅವರ ಉದ್ದೇಶವಾಗಿರಲಿಲ್ಲ.

ನಮ್ಮ ಹೌಸ್ ಸರ್ಜನ್‌ಗಳ ಪಾಡು ನೋಡಿ. ಎಂಬಿಬಿಎಸ್ ಮುಗಿಸಿ ಬಂದವರಿಗೆ ಔಷಧದ ಡೋಸ್ ಬಾಯಿಪಾಠ. ಆದರೆ ರಾತ್ರಿಯಿಡೀ ಡ್ಯೂಟಿ ಮಾಡಿದ ಕಣ್ಣಿಗೆ ಒಂದೇ ತೆರನಾದ ಎರಡು ಆಂಪ್ಯೂಲ್‌ಗಳು ಒಂದೇ ಆಗಿ ಕಾಣುತ್ತವೆ. ಪೊಟ್ಯಾಸಿಯಂ ಕ್ಲೋರೈಡನ್ನು ತೆಳುಮಾಡದೆ ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯವೇ ನಿಲ್ಲಬಹುದು. ಬರೀ 'ಹುಷಾರಾಗಿರು' ಎಂದರೆ ಇದು ತಪ್ಪುವುದಿಲ್ಲ. ಆ ಆಂಪ್ಯೂಲನ್ನು ಬೇರೆ ಕಪಾಟಿನಲ್ಲಿಡಬೇಕು, ಕೊಡುವ ಮುನ್ನ ಇಬ್ಬರು ಲೇಬಲ್ ಓದಬೇಕು, ದಣಿದವರನ್ನು ಮಲಗಲು ಕಳಿಸಬೇಕು. ಇನ್ನು ರೌಂಡ್ಸ್‌ನಲ್ಲಿ ಚೀಫ್ ಹೇಳಿದ್ದು ಸರಿಯಿಲ್ಲವೆಂದು ತೋಚಿದರೂ ಬಾಯಿಬಿಡಲು ಇವರಲ್ಲಿ ಎಷ್ಟು ಜನಕ್ಕೆ ಧೈರ್ಯವಿದೆ?

ತಪ್ಪು ಮಾಡಿದವರನ್ನು ಸುಮ್ಮನೆ ಬಿಡುವುದೇ ಎಂದು ರೋಗಿಯ ಕಡೆಯವರು ಕೇಳುವುದು ನ್ಯಾಯವೇ. ಕುಡಿದು ಬಂದವನಿಗೂ ದಾಖಲೆ ತಿದ್ದಿದವನಿಗೂ ಶಿಕ್ಷೆಯಾಗಲಿ. ಕೈತಪ್ಪಿದವರನ್ನು ಮಾತ್ರ ಎಲ್ಲರೆದುರು ಬೈದು ಕೂರಿಸಿದರೆ ಮುಂದಿನ ತಪ್ಪು ಮುಚ್ಚಿಹೋಗುತ್ತದೆ, ಅದರ ಬೆಲೆಯನ್ನು ಇನ್ನೊಬ್ಬ ರೋಗಿ ತೆರುತ್ತಾನೆ.

ದುಬಾರಿ ಯಂತ್ರವೇನೂ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟ್ ಒಂದೇ ಹಾಳೆಯದು. ಕೊಯ್ಯುವ ಮುನ್ನ ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕೆಂಬುದು ಅದರಲ್ಲೊಂದು ಅಂಶ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು.

ಯೂನಿಟ್ ಮುಖ್ಯಸ್ಥರು ಹೊಸ ಬ್ಯಾಚಿಗೆ ಮೊದಲ ದಿನವೇ ಹೇಳಲಿ: 'ನಾನು ತಪ್ಪುತ್ತಿದ್ದೇನೆ ಅನ್ನಿಸಿದರೆ ತಡೆಯಿರಿ, ಬೈಯುವುದಿಲ್ಲ.' ಹೇಳಿದಂತೆ ನಡೆದುಕೊಳ್ಳಲಿ ಕೂಡ.