ಗಡುವು ಒಬ್ಬರದು, ದಂಡ ಇನ್ನೊಬ್ಬರಿಗೆ

೨೦೧೮ನೆಯ ಇಸವಿ ಫೆಬ್ರವರಿ ಒಂದನೆಯ ತಾರೀಖು ನಮ್ಮ ವ್ಯಾಪಾರಿ ಬಂಧುಗಳಿಗೆ ನೆನಪಿರಬೇಕು. ಐವತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟ ಮಾಲು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬೇಕಾದರೆ ‘ಇ-ವೇ ಬಿಲ್’ ಎಂಬ ರಹದಾರಿಯನ್ನು ಕಂಪ್ಯೂಟರಿನಿಂದ ತೆಗೆದುಕೊಂಡೇ ಲಾರಿ ಹೊರಡಬೇಕೆಂಬ ಕಟ್ಟಳೆ ಅಂದು ದೇಶಕ್ಕೆಲ್ಲ ಜಾರಿಗೆ ಬಂತು. ಬಂದ ದಿನವೇ ಯಂತ್ರ ಕೂತುಬಿಟ್ಟಿತು. ಲಾರಿಗಳು ತುಂಬಿ ನಿಂತವು, ರಹದಾರಿ ಹೊರಬೀಳಲಿಲ್ಲ. ಪ್ರಯೋಗದ ಅವಧಿಯನ್ನು ಮುಂದುವರಿಸಲಾಗಿದೆ ಎಂದು ಸಾರಿ ಸರಕಾರ ಅದೇ ದಿನ ಕಟ್ಟಳೆಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಅಂದು ಬೈಗುಳ ತಿಂದವರು ಯಾರು? ಯಂತ್ರ ಮಾಡಿದವರು. ‘ಸಾಫ್ಟ್‌ವೇರಿನವರು ಕೈಕೊಟ್ಟರು’ ಎಂದು ಪೇಟೆಯೆಲ್ಲ ಆಡಿಕೊಂಡಿತು. ಆದರೆ ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಕತೆ ಬೇರೆಯೇ ಇದೆ. ೨೦೧೭ರ ಅಕ್ಟೋಬರದಲ್ಲಿ ಜಿ.ಎಸ್.ಟಿ. ಮಂಡಳಿ ಗೊತ್ತುಮಾಡಿದ್ದು ೨೦೧೮ರ ಏಪ್ರಿಲ್ ೧. ಆಮೇಲೆ ತೆರಿಗೆಯ ವಸೂಲಿ ಇಳಿಯಿತು, ಮಂತ್ರಿಗಳಿಗೆ ಗಾಬರಿಯಾಯಿತು. ಡಿಸೆಂಬರ ೧೬ಕ್ಕೆ ಮತ್ತೆ ಸೇರಿ, ಏಪ್ರಿಲ್ ಬೇಡ, ಫೆಬ್ರವರಿಯೇ ಆಗಲಿ ಎಂದರು. ಯಂತ್ರ ಫೆಬ್ರವರಿಯನ್ನು ಒಪ್ಪಲಿಲ್ಲ. ಕಡೆಗೆ ಕಟ್ಟಳೆ ನಿಜವಾಗಿ ಜಾರಿಗೆ ಬಂದದ್ದು ಯಾವಾಗ? ಏಪ್ರಿಲ್ ಒಂದನೆಯ ತಾರೀಖು! ಅಂದರೆ ಮೊದಲು ಹೇಳಿದ ದಿನವೇ. ಆ ಎರಡು ತಿಂಗಳ ಅವಸರದಿಂದ ಬೊಕ್ಕಸಕ್ಕೆ ಬಂದದ್ದೇನು? ಒಂದು ದಿನದ ಗೊಂದಲ, ಅಷ್ಟೇ.

ಇದರಲ್ಲಿ ನಮ್ಮ ನಾಡಿನವರು ಹೆಮ್ಮೆಪಡುವ ಮಾತೂ ಒಂದಿದೆ. ಈ ಯಂತ್ರವನ್ನು ಕಟ್ಟಿದ್ದು ಯಾವ ಖಾಸಗಿ ಧಣಿಯೂ ಅಲ್ಲ. ಸರಕಾರದ್ದೇ ಆದ ರಾಷ್ಟ್ರೀಯ ಮಾಹಿತಿ ಕೇಂದ್ರ, ಎನ್.ಐ.ಸಿ. ಮಾರಾಟ ತೆರಿಗೆಯ ಕಾಲದಲ್ಲೇ ‘ಇ-ಸುಗಮ್’ ಎಂಬ ಇದೇ ಬಗೆಯ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ನಡೆದಿತ್ತು. ಹೊಸದನ್ನೂ ೨೦೧೭ರ ಸೆಪ್ಟೆಂಬರದಿಂದ ಕರ್ನಾಟಕದಲ್ಲಿ ನಡೆಸಿ ನೋಡಿದ್ದರು. ಆದ್ದರಿಂದ ಏಪ್ರಿಲ್ ೧ಕ್ಕೆ ರಾಜ್ಯದೊಳಗಿನ ಸಾಗಾಟಕ್ಕೂ ರಹದಾರಿಯನ್ನು ಜಾರಿಗೆ ತಂದ ರಾಜ್ಯ ನಮ್ಮದೊಂದೇ. ಉಳಿದವರು ಆಮೇಲೆ ಒಬ್ಬೊಬ್ಬರಾಗಿ ಬಂದರು. ಸಮಯ ಕೊಟ್ಟು ದುಡಿಸಿದಲ್ಲಿ ಯಂತ್ರ ನಡೆಯಿತು.

ದಾಂಡೇಲಿಯ ಕಾಮಗಾರರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ೧೯೫೫ರಲ್ಲಿ ಸ್ಥಾಪನೆಯಾದ ನಮ್ಮೂರ ಕಾಗದದ ಗಿರಣಿಯಿಂದ ಕಾಗದ ಹೊರಬಂದದ್ದು ೧೯೫೯ರಲ್ಲಿ. ಹೊಸ ಯಂತ್ರವನ್ನು ಕೂರಿಸಿದವರು ಮೊದಲ ದಿನವೇ ಪೂರ್ತಿ ವೇಗಕ್ಕೆ ಬಿಡುವುದಿಲ್ಲ. ಮೆಲ್ಲಗೆ ಓಡಿಸುತ್ತಾರೆ, ಹಾಳೆ ಹರಿಯುತ್ತದೆ, ನಿಲ್ಲಿಸುತ್ತಾರೆ, ನೋಡುತ್ತಾರೆ, ಮತ್ತೆ ಓಡಿಸುತ್ತಾರೆ. ಹಾಳೆ ಹರಿಯಿತೆಂದು ಕಾಮಗಾರನನ್ನು ದೇಶದ್ರೋಹಿ ಎಂದವರನ್ನು ನಾವು ಕಂಡಿಲ್ಲ. ಸಾಫ್ಟ್‌ವೇರಿನವರಿಗೆ ಆ ಭಾಗ್ಯವೂ ಬಂತು. ಅದನ್ನು ಮುಂದೆ ಹೇಳುತ್ತೇವೆ.

ನಮ್ಮ ಪರಿಚಯದ ಗಿರಣಿ ಕಾಮಗಾರರೊಬ್ಬರ ಮಗ ಬೆಂಗಳೂರಿನಲ್ಲಿ ಪ್ರೋಗ್ರಾಮರ್. ಕಂಪನಿಯ ಹೆಸರು ನಮಗೆ ಬೇಡ, ಹುಡುಗನದೂ ಬೇಡ. ದೀಪಾವಳಿಗೆ ಬಂದಾಗ ಅವನು ಹೇಳಿದ್ದನ್ನು ನಾವು ಕೂತು ಕೇಳಿದೆವು. ದೊಡ್ಡ ವ್ಯಾಪಾರಿಯೊಬ್ಬನ ಬಿಲ್ಲುಗಳ ಲೆಕ್ಕ ಇಡುವ ಕೆಲಸ. ಸೋಮವಾರ ಬೆಳಿಗ್ಗೆ ಒಪ್ಪಿಸಬೇಕು. ಗುರುವಾರ ರಾತ್ರಿ ನೋಡಿದರೆ ಸಾವಿರಾರು ಬಿಲ್ಲುಗಳಲ್ಲಿ ಹತ್ತೋ ಹನ್ನೆರಡೋ ಕಾಣೆ! ಹಗಲು ಪರೀಕ್ಷಿಸಿದರೆ ಎಲ್ಲ ಸರಿ. ರಾತ್ರಿ ಎಲ್ಲ ಅಂಗಡಿಗಳ ಲೆಕ್ಕ ಒಮ್ಮೆಗೇ ಬಂದು ಬಿದ್ದಾಗ ಮಾತ್ರ ಕೆಲವು ಮಾಯ.

ಹುಡುಗ ಒಂದು ಉಪಾಯ ಮಾಡಿದ. ಯಂತ್ರ ಇಡುವ ಒಂದೊಂದು ಹೆಜ್ಜೆಯನ್ನೂ ನಮ್ಮ ರೋಜಕಿರ್ದಿಯ ಹಾಗೆ ಬರೆದಿಡುವಂತೆ ಮಾಡಿದ. ತಕ್ಷಣ ರೋಗ ವಾಸಿ! ಒಂದು ಬಿಲ್ಲೂ ತಪ್ಪಲಿಲ್ಲ. ಬರೆದಿಡುವುದನ್ನು ತೆಗೆದ, ರೋಗ ತಿರುಗಿ ಬಂತು. ವೈದ್ಯ ಬಂದಾಗ ಇಳಿದು ಅವನು ಹೋದೊಡನೆ ಏರುವ ಜ್ವರದ ಹಾಗೆ. ಮೇಲಿನವನು ಅರ್ಧ ಗಂಟೆಗೊಮ್ಮೆ ಬಂದು ‘ಇನ್ನೆಷ್ಟು ಹೊತ್ತು?’ ಎಂದು ಕೇಳುತ್ತಿದ್ದನಂತೆ. ಶನಿವಾರ ಸಹಾಯಕ್ಕೆಂದು ಇನ್ನೂ ನಾಲ್ವರನ್ನು ತಂದು ಕೂರಿಸಿದನಂತೆ. ಆ ನಾಲ್ವರಿಗೆ ಕೆಲಸ ತಿಳಿಸಿ ಹೇಳುವುದರಲ್ಲೇ ಶನಿವಾರ ಕಳೆಯಿತು.

ಭಾನುವಾರ ಅವನು ತಂದೆಗೆ ಫೋನು ಮಾಡಿದ. ಕಂಪ್ಯೂಟರೆಂದರೆ ಏನೆಂದು ತಂದೆಗೆ ತಿಳಿಯದು; ಮೂವತ್ತು ವರ್ಷ ಕಾಗದದ ಯಂತ್ರದ ಮುಂದೆ ನಿಂತ ಮನುಷ್ಯ. ಅವರು ಹೇಳಿದ್ದು ಇಷ್ಟೇ: “ತಮ್ಮಾ, ಹಾಳಿ ಹರಿಯೂದು ಡ್ರಾಯರದಾಗ. ಆದ್ರ ಅಲ್ಲಿ ಏನೂ ಆಗಿರೂದಿಲ್ಲ. ಹಿಂದ ಹಸಿ ಇದ್ದಾಗನ ಎಲ್ಲೋ ಒಂದು ಲೋಳಿ ಗಂಟು ಕೂತಿರತೈತಿ. ನೀ ಹರದಲ್ಲಿ ನೋಡಬ್ಯಾಡ, ಹಿಂದ ಹೋಗು.”

ಹುಡುಗ ಹಿಂದೆ ಹೋದ. ಬಿಲ್ಲುಗಳು ಕಾಣೆಯಾಗುವ ಕಡೆ ಬಿಟ್ಟು, ಅವಕ್ಕೆ ನಂಬರು ಬೀಳುವ ಕಡೆ ನೋಡಿದ. ಎರಡು ಯಂತ್ರಗಳು ಗಡಿಯಾರ ನೋಡಿಕೊಂಡು ನಂಬರು ಹಾಕುತ್ತಿದ್ದವು. ಅಂಗಡಿಯಲ್ಲಿ ಇಬ್ಬರು ಗುಮಾಸ್ತರು ಒಂದೇ ನಂಬರಿನ ಎರಡು ಬಿಲ್ ಪುಸ್ತಕ ಹಿಡಿದು ಕೂತಂತೆ. ನೂಕುನುಗ್ಗಲಿನಲ್ಲಿ ಎರಡು ಬಿಲ್ಲಿಗೆ ಒಂದೇ ನಂಬರು ಬಿದ್ದರೆ, ಎರಡನೆಯದು ಮೊದಲನೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂಡುತ್ತಿತ್ತು. ಒಂದೊಂದು ಹೆಜ್ಜೆಯನ್ನೂ ಬರೆದಿಡುವಾಗ ಯಂತ್ರ ನಿಧಾನವಾಗಿ, ಆ ಎರಡು ಬಿಲ್ಲುಗಳು ಬೇರೆ ಬೇರೆ ಹೊತ್ತಿಗೆ ಬರುತ್ತಿದ್ದವು, ರೋಗ ಅಡಗುತ್ತಿತ್ತು. ಒಂದೇ ಕಡೆಯಿಂದ ಸರದಿಯ ಪ್ರಕಾರ ನಂಬರು ಕೊಡುವಂತೆ ಮಾಡಿದ ಮೇಲೆ ಎಲ್ಲ ಸರಿಹೋಯಿತು. ಮೂರು ರಾತ್ರಿಯ ನಿದ್ದೆಗೆಟ್ಟು ಬರೆದದ್ದು ನಾಲ್ಕು ಸಾಲು. ‘ನಾಲ್ಕು ಸಾಲಿಗೆ ಮೂರು ದಿನವೇ?’ ಎಂದು ಮೇಲಿನವನು ಕೇಳಿದನಂತೆ. ಹೆಚ್ಚಿನ ದುಡಿಮೆಗೆ ಕೂಲಿ ಎಷ್ಟು ಬಂತು ಎಂದು ನಾವು ಕೇಳಿದೆವು. ಹುಡುಗ ನಕ್ಕ. ಪಿಜ್ಜಾ ತರಿಸಿದ್ದರಂತೆ.

ತಡವಾದ ಕೆಲಸಕ್ಕೆ ಹೊಸ ಆಳು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂದು ಅಮೆರಿಕದ ಫ್ರೆಡರಿಕ್ ಬ್ರೂಕ್ಸ್ ೧೯೭೫ರಲ್ಲೇ ಪುಸ್ತಕ ಬರೆದು ಹೇಳಿದ್ದಾನೆ. ಅವನು ಹೊರಗಿನ ಟೀಕಾಕಾರನಲ್ಲ, ಐ.ಬಿ.ಎಂ. ಕಂಪನಿಯಲ್ಲಿ ಇಂಥ ದೊಡ್ಡ ಕೆಲಸವನ್ನು ತಾನೇ ನಡೆಸಿ ಪೆಟ್ಟು ತಿಂದವನು. ಐವತ್ತು ವರ್ಷ ಕಳೆದರೂ ಧಣಿಗಳು ಅದನ್ನು ಓದಿದಂತೆ ಕಾಣುವುದಿಲ್ಲ.

ಮಂತ್ರಿಗಳೂ ಓದಿಲ್ಲ. ಆದಾಯ ತೆರಿಗೆಯ ಹೊಸ ಪೋರ್ಟಲು ೨೦೨೧ರ ಜೂನ್ ೭ರಂದು ತೆರೆಯಿತು. ಕಟ್ಟಿದ್ದು ಬೆಂಗಳೂರಿನ ಇನ್‌ಫೋಸಿಸ್. ತಿಂಗಳು ಎರಡಾದರೂ ತೊಂದರೆ ತೀರಲಿಲ್ಲ. ಆಗಸ್ಟ್ ೨೩ರಂದು ಅರ್ಥಮಂತ್ರಿಗಳು ಕಂಪನಿಯ ಮುಖ್ಯಸ್ಥರನ್ನು ದಿಲ್ಲಿಗೆ ಕರೆಸಿ ಸೆಪ್ಟೆಂಬರ ೧೫ರ ಗಡುವು ಕೊಟ್ಟರು. ಕೋಟಿಗಟ್ಟಲೆ ಸಾರ್ವಜನಿಕ ಹಣ ಪಡೆದ ಕಂಪನಿ ಉತ್ತರ ಕೊಡಲೇಬೇಕು. ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಅದರ ಬೆನ್ನಿಗೇ ‘ಪಾಂಚಜನ್ಯ’ ವಾರಪತ್ರಿಕೆ ಇದರ ಹಿಂದೆ ದೇಶವಿರೋಧಿ ಶಕ್ತಿಗಳ ಕೈವಾಡ ಇರಬಹುದೇ ಎಂದು ಕೇಳಿತು. ಆ ಲೇಖನ ತಮ್ಮದಲ್ಲವೆಂದು ಆರೆಸ್ಸೆಸ್ಸಿನವರೇ ಕೈತೊಳೆದುಕೊಳ್ಳಬೇಕಾಯಿತು. ರಾತ್ರಿ ಎರಡು ಗಂಟೆಗೆ ಕೂತು ಗಂಟು ಹುಡುಕುವ ಹುಡುಗ ಹುಡುಗಿಯರನ್ನು ಸಂಶಯದಿಂದ ನೋಡಿದರೆ ಗಂಟು ಬಿಚ್ಚುತ್ತದೆಯೇ? ರಿಟರ್ನಿನ ತಾರೀಖನ್ನು ಅದೇ ವರ್ಷ ಡಿಸೆಂಬರ ೩೧ರವರೆಗೆ ತಳ್ಳಿದ್ದಷ್ಟೇ ಆದದ್ದು.

ಈ ಗಡುವಿನ ಇನ್ನೊಂದು ತುದಿಯಲ್ಲಿ ನಿಂತವರು ನಮ್ಮ ಕಿರಾಣಿ ಅಂಗಡಿಯವರು, ಬಟ್ಟೆ ಅಂಗಡಿಯವರು. ಜಿ.ಎಸ್.ಟಿ.ಯ ಮೊದಲ ರಿಟರ್ನಿಗೆ ೨೦೧೭ರ ಆಗಸ್ಟ್ ೨೦ ಕಡೆಯ ದಿನ. ೧೯ಕ್ಕೇ ಪೋರ್ಟಲು ಕೈಚೆಲ್ಲಿತು, ತಾರೀಖು ೨೫ಕ್ಕೆ ಹೋಯಿತು. ತಡವಾದರೆ ದಿನಕ್ಕೆ ೨೦೦ ರೂಪಾಯಿ ದಂಡ! ವ್ಯಾಪಾರಿಗಳು ಕೂಗಿಕೊಂಡ ಮೇಲೆ ಮೊದಲ ಮೂರು ತಿಂಗಳ ದಂಡ ಬಿಟ್ಟರು; ನವೆಂಬರದಲ್ಲಿ ಗುವಾಹಾಟಿಯಲ್ಲಿ ಸೇರಿ ಅದನ್ನು ೫೦ಕ್ಕೆ, ವ್ಯವಹಾರವೇ ಇಲ್ಲದವರಿಗೆ ೨೦ಕ್ಕೆ ಇಳಿಸಿದರು. ಕೂಗದೆ ಇದ್ದಿದ್ದರೆ?

ಪೋರ್ಟಲು ಕಡೆಯ ದಿನವೇ ಏಕೆ ಬೀಳುತ್ತದೆ? ದೇಶದ ವ್ಯಾಪಾರಿಗಳೆಲ್ಲ ಒಂದೇ ದಿನ ಒಂದೇ ಬಾಗಿಲಿಗೆ ಬರಬೇಕೆಂದು ಕಾನೂನೇ ಹೇಳಿರುವಾಗ ಬಾಗಿಲು ಮುರಿಯದೆ ಏನಾದೀತು? ಇದನ್ನು ತಿಳಿಯಲು ಸರಕಾರಕ್ಕೆ ಎರಡೂವರೆ ವರ್ಷ ಬೇಕಾಯಿತು. ೨೦೨೦ರ ಜನವರಿಯಲ್ಲಿ ತಾರೀಖನ್ನು ಮೂರು ಮಾಡಿದರು: ದೊಡ್ಡವರಿಗೆ ೨೦, ಸಣ್ಣವರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಿಗೆ ೨೨, ಉಳಿದವರಿಗೆ ೨೪. ರೋಗ ಯಂತ್ರದಲ್ಲಿ ಮಾತ್ರವಲ್ಲ, ಗಡುವಿನಲ್ಲೂ ಇತ್ತೆಂದು ಒಪ್ಪಿಕೊಂಡಂತಾಯಿತು. ಆ ಅಪ್ಪ ಹೇಳಿದ ಲೋಳೆಯ ಗಂಟು ಇದೇ.

ಇಂಗ್ಲೆಂಡಿನ ಕತೆ ಇನ್ನೂ ಘೋರ. ಅಲ್ಲಿಯ ಅಂಚೆ ಇಲಾಖೆಗೆ ಫುಜಿತ್ಸು ಕಂಪನಿ ಮಾಡಿಕೊಟ್ಟ ‘ಹೊರೈಜನ್’ ಎಂಬ ಲೆಕ್ಕದ ಯಂತ್ರ ತಪ್ಪು ತೋರಿಸಿತು. ಅಂಚೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಸಣ್ಣ ಅಂಗಡಿಯವರ ಮೇಲೆ ಕಳ್ಳತನದ ಆರೋಪ ಬಿತ್ತು. ೧೯೯೯ರಿಂದ ೨೦೧೫ರ ನಡುವೆ ೯೦೦ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯಿತು. ಯಂತ್ರ ಸುಳ್ಳು ಹೇಳದು ಎಂದು ನ್ಯಾಯಾಲಯ ನಂಬಿತು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡಲು ೨೦೨೪ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಬೇಕಾಯಿತು. ಅಷ್ಟರೊಳಗೆ ಕೆಲವರು ಸತ್ತೇ ಹೋಗಿದ್ದರು.

ಇತ್ತ ನಮ್ಮ ರಾಜ್ಯ ಸರಕಾರ ಏನು ಮಾಡಿತು? ಗಿರಣಿಯ ಕಾಮಗಾರನಿಗೆ ೧೯೪೮ರ ಕಾರ್ಖಾನೆ ಕಾಯ್ದೆ ಹೆಚ್ಚುವರಿ ಹೊತ್ತಿಗೆ ಇಮ್ಮಡಿ ಕೂಲಿ ಬರೆದುಕೊಟ್ಟಿತು. ಅದು ಯಾರ ದಾನವೂ ಅಲ್ಲ, ಹೋರಾಡಿ ಪಡೆದದ್ದು. ಸಾಫ್ಟ್‌ವೇರ್ ಕಂಪನಿಗಳಿಗೋ, ಸ್ಥಾಯೀ ಆದೇಶಗಳ ಕಾಯ್ದೆಯಿಂದಲೇ ೨೦೧೪ರಲ್ಲಿ ವಿನಾಯಿತಿ ಕೊಟ್ಟು, ೨೦೧೯ರಲ್ಲಿ, ಮತ್ತೆ ೨೦೨೪ರಲ್ಲಿ ಅದನ್ನು ಬೆಳೆಸಿದರು. ೨೦೨೩ರ ಅಕ್ಟೋಬರದಲ್ಲಿ ನಾರಾಯಣ ಮೂರ್ತಿಯವರು ತರುಣರು ವಾರಕ್ಕೆ ೭೦ ಗಂಟೆ ದುಡಿಯಲಿ ಎಂದರು. ೨೦೨೪ರ ಜುಲೈನಲ್ಲಿ ದಿನಕ್ಕೆ ೧೪ ಗಂಟೆಯ ದುಡಿಮೆಗೆ ದಾರಿ ಮಾಡುವ ತಿದ್ದುಪಡಿಯ ಪ್ರಸ್ತಾಪವೇ ಬಂತು. ಐ.ಟಿ. ನೌಕರರ ಸಂಘ ಬೀದಿಗಿಳಿಯಿತು. ಅವರ ಸಂಬಳ ದೊಡ್ಡದು, ನಮಗೇನು ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಹದಿನಾಲ್ಕು ಗಂಟೆ ಇಂದು ಅಲ್ಲಿ ಬಂದರೆ ನಾಳೆ ಗಿರಣಿಯ ಪಾಳಿಗೂ ಬಾರದೆ ಇದ್ದೀತೇ?

೨೦೨೫ರ ಸೆಪ್ಟೆಂಬರ ೧೫ರಂದು ಆದಾಯ ತೆರಿಗೆಯ ರಿಟರ್ನಿಗೆ ಕಡೆಯ ದಿನ. ಪೋರ್ಟಲು ಮತ್ತೆ ಏದುಸಿರು ಬಿಟ್ಟಿತು. ರಾತ್ರಿ ಬಹಳ ಹೊತ್ತಾದ ಮೇಲೆ ಒಂದೇ ಒಂದು ದಿನ ಹೆಚ್ಚಿಗೆ ಕೊಟ್ಟರು. ಅಷ್ಟರಲ್ಲಿ ಎಷ್ಟು ಮಂದಿ ತಲೆ ಚಚ್ಚಿಕೊಂಡು ಮಲಗಿದ್ದರೋ! ನಾವು ಕೇಳುವುದು ದಯೆಯಲ್ಲ. ಪೋರ್ಟಲು ನಿಂತ ಹೊತ್ತು ಎಷ್ಟೆಂದು ಪೋರ್ಟಲಿಗೇ ಗೊತ್ತಿರುತ್ತದೆ. ದಂಡದ ಲೆಕ್ಕದಿಂದ ಅಷ್ಟು ಹೊತ್ತು ಯಾರೂ ಬೇಡದೆ ತಾನಾಗಿ ಕಳೆದುಹೋಗುವಂತೆ ಕಾನೂನಿನಲ್ಲಿ ಬರೆಯಲಿ. ಹೊಸ ಯಂತ್ರ ತೆರೆಯುವ ತಾರೀಖಿಗೆ ಮಂತ್ರಿಗಳ ಸಹಿಯ ಜತೆ ಅದನ್ನು ಕಟ್ಟಿದ ಎಂಜಿನಿಯರರ ಸಹಿಯೂ ಇರಲಿ. ಸಿದ್ಧವಿಲ್ಲ ಎಂದು ಬರೆದವನ ನೌಕರಿಗೆ ಕುತ್ತು ಬಾರದಿರಲಿ. ಆ ಹುಡುಗ ಸೋಮವಾರ ಬೆಳಿಗ್ಗೆ ಕೆಲಸ ಒಪ್ಪಿಸಿ ಮನೆಗೆ ಹೋಗಿ ಮಲಗಿದನಂತೆ. ಮಧ್ಯಾಹ್ನ ಎರಡಕ್ಕೆ ಫೋನು ಬಂತು, ಮುಂದಿನ ಗಡುವು ಶುಕ್ರವಾರ.