ತಿದ್ದಿದ್ರೆ ಸಾಲದು, ಒಪ್ಪೋಲೆನೂ ಬೇಕು

ಮೊನ್ನೆ ಆಫೀಸಿನಲ್ಲಿ ಹೊಸ ಹುಡುಗನೊಬ್ಬ ಎರಡು ದಿನ ತಲೆ ಕೆರೆದುಕೊಂಡು ಕೂತಿದ್ದ. ಕರೆಂಟ್ ಹೋಗಿ ಅರ್ಧಕ್ಕೆ ನಿಂತಿದ್ದ ಇಎಕ್ಸ್‌ಟಿ4 ಡಿಸ್ಕಿನ ಜರ್ನಲ್ ಓದೋ ಪ್ರೋಗ್ರಾಂ ಬರೀತಿದ್ದ. ಎಷ್ಟು ಹುಡುಕಿದ್ರೂ ಒಂದು ಬ್ಲಾಕೂ ಸಿಗ್ತಿಲ್ಲ. ಕೊನೆಗೆ ನೋಡಿದ್ರೆ ತಪ್ಪು ಅವನದಲ್ಲ, ನನ್ನದು! ಹಿಂದೆ ನಾನೇ ಬರೆದಿಟ್ಟ ಟಿಪ್ಪಣಿಯನ್ನ ನಂಬಿದ್ದ ಪಾಪ.

ಜರ್ನಲ್ ಅಂದ್ರೆ ಅಂಗಡಿಯ ಕಿರ್ದಿ ಪುಸ್ತಕ ಇದ್ದ ಹಾಗೆ. ಲೆಕ್ಕ ಮೊದಲು ಕಿರ್ದಿಗೆ, ಆಮೇಲೆ ಖಾತೆಗೆ. ಫೈಲ್‌ಸಿಸ್ಟಮ್ ಕೂಡ ಬದಲಾವಣೆಯನ್ನ ಮೊದಲು ಜರ್ನಲ್‌ನಲ್ಲಿ ಬರೆದು, ಕಮಿಟ್ ಬ್ಲಾಕ್ ಹಾಕಿ, ನಂತರ ಅದರ ಜಾಗಕ್ಕೆ ಸೇರಿಸುತ್ತೆ. ನಡುವೆ ಕರೆಂಟ್ ಹೋದ್ರೆ, ಕಮಿಟ್ ಆದದ್ದಷ್ಟನ್ನೇ ಮತ್ತೆ ಬರೆಯುತ್ತೆ.

ಇಎಕ್ಸ್‌ಟಿ4 ತನ್ನ ಅಂಕಿಗಳನ್ನ ಲಿಟಲ್ ಎಂಡಿಯನ್‌ನಲ್ಲಿ, ಅಂದ್ರೆ ಕಿರಿಯ ಬೈಟ್ ಮೊದಲು ಬರೋ ಹಾಗೆ, ಇಡುತ್ತೆ. ಜರ್ನಲ್ ಮಾತ್ರ ತಿರುಗಾಮುರುಗಾ, ಬಿಗ್ ಎಂಡಿಯನ್! ಜರ್ನಲ್‌ನ ಹೆಡರ್‌ಗಳೆಲ್ಲ ಶುರುವಾಗೋದು ಸಿ0, 3ಬಿ, 39, 98 ಅನ್ನೋ ನಾಲ್ಕು ಬೈಟ್‌ಗಳಿಂದ. ನಾನು "ಎಲ್ಲಾ ಲಿಟಲ್ ಎಂಡಿಯನ್" ಅಂತ ಬರೆದುಬಿಟ್ಟಿದ್ದೆ. ಅವನ ಪ್ರೋಗ್ರಾಂ 98, 39, 3ಬಿ, ಸಿ0 ಅಂತ ಹುಡುಕ್ತಾ ಇತ್ತು. ಸಿಗೋದಾದ್ರೂ ಹೇಗೆ? ಲಿನಕ್ಸ್ ಕರ್ನಲ್ ಜೊತೆ ಬರೋ ದಾಖಲೆಯಲ್ಲಿ ಇದು ಸ್ಪಷ್ಟವಾಗೇ ಇದೆ. ನಾನೇ ನೋಡದೆ ಬರೆದದ್ದು.

ಕೋಡ್ ತಪ್ಪಿದ್ರೆ ಕಂಪೈಲರ್ ಬೈಯುತ್ತೆ, ಇಲ್ಲಾ ಪ್ರೋಗ್ರಾಂ ಬಿದ್ದುಹೋಗುತ್ತೆ. ಟಿಪ್ಪಣಿ ತಪ್ಪಿದ್ರೆ? ಓದಿದವನು ತಾನೇ ದಡ್ಡ ಅಂದ್ಕೊಳ್ತಾನೆ. ಆ ಹುಡುಗನೂ ಹಾಗೇ ಅಂದ್ಕೊಂಡಿದ್ದ. ನನಗೆ ನಾಚಿಕೆಯಾದದ್ದು ಅದಕ್ಕೆ.

ಯಾರಿಗೂ ಹೇಳದೆ ಆ ಒಂದು ಸಾಲು ತಿದ್ದಿ ಸುಮ್ಮನಾಗೋಣ ಅನ್ನಿಸಿದ್ದು ನಿಜ. ಆದ್ರೆ ಹಳೇ ಸಾಲನ್ನ ಓದಿ ಪ್ರೋಗ್ರಾಂ ಬರೆದವರು ಇನ್ನೂ ಇರಬಹುದಲ್ವಾ? ಅವರಿಗೆ ತಿಳಿಯೋದು ಹೇಗೆ?

ಜರ್ನಲ್ಲೇ ಇದಕ್ಕೆ ದಾರಿ ತೋರಿಸುತ್ತೆ ನೋಡಿ. ಅದರಲ್ಲಿ ರಿವೋಕ್ ಬ್ಲಾಕ್ ಅಂತ ಒಂದಿದೆ. ಅದು ಹಿಂದೆ ಬರೆದದ್ದನ್ನ ಅಳಿಸೋದಿಲ್ಲ, "ಈ ಬ್ಲಾಕಿನ ಹಳೇ ಪ್ರತಿಯನ್ನ ಮತ್ತೆ ಬರೀಬೇಡಿ" ಅಂತ ಹೇಳುತ್ತೆ ಅಷ್ಟೇ. ನಮ್ಮ ಹಳೇ ಪುಸ್ತಕಗಳ ಒಪ್ಪೋಲೆ ಮಾಡ್ತಿದ್ದದ್ದೂ ಅದೇ ಕೆಲಸ: ತಪ್ಪು ಇದು, ಒಪ್ಪು ಇದು.

ಹಾಗಾಗಿ ಟಿಪ್ಪಣಿಯ ತಲೆಯಲ್ಲೇ ಬರೆದೆ: ಮೊದಲು ಹೀಗಿತ್ತು, ಅದು ತಪ್ಪು, ತಪ್ಪು ನನ್ನದು, ಸರಿಯಾದದ್ದು ಇದು. ಮರ್ಯಾದೆ ಹೋಗಲಿಲ್ಲ. ಮಾರನೇ ದಿನ ಆ ಹುಡುಗನೇ ಬಂದು ಅದೇ ಟಿಪ್ಪಣಿಯಲ್ಲಿ ಇನ್ನೊಂದು ತಪ್ಪು ತೋರಿಸಿದ :-)

ಬ್ಲಾಗ್ ಬರೆಯೋ ನಮಗೂ ಇದು ಅನ್ವಯಿಸುತ್ತೆ. ಏನಂತೀರಿ?