ಎರಡು ಸೀಟಿ, ಎರಡು ತೀರ್ಪು

ಬ್ಯಾಸ್ಕೆಟ್‌ಬಾಲ್ ನೋಡೋರಿಗೆ ಈ ದೃಶ್ಯ ಗೊತ್ತಿರುತ್ತೆ. ಚೆಂಡು ಹಿಡಿದವನು ಬುಟ್ಟಿಯ ಕಡೆ ನುಗ್ತಾನೆ, ಎದುರು ತಂಡದವನು ಅಡ್ಡ ನಿಂತಿರ್ತಾನೆ. ಡಿಕ್ಕಿ! ಇಬ್ಬರೂ ನೆಲಕ್ಕೆ. ಎರಡು ಕಡೆಯಿಂದ ಎರಡು ಸೀಟಿ. ಒಬ್ಬ ರೆಫರಿ ಎರಡೂ ಕೈ ಸೊಂಟಕ್ಕಿಟ್ಟು 'ಬ್ಲಾಕ್' ಅಂತಾನೆ, ಅಂದ್ರೆ ತಪ್ಪು ಅಡ್ಡ ನಿಂತವನದ್ದು. ಇನ್ನೊಬ್ಬ ತಲೆ ಹಿಂದೆ ಕೈ ಇಟ್ಟು 'ಚಾರ್ಜ್' ಅಂತಾನೆ, ತಪ್ಪು ನುಗ್ಗಿದವನದ್ದು. ಅಮೆರಿಕದವರು ಎರಡೂ ಪದ ಕೂಡಿಸಿ ಇದಕ್ಕೆ 'ಬ್ಲಾರ್ಜ್' ಅಂತ ಹೆಸರಿಟ್ಟಿದ್ದಾರೆ :)

ಈಗ ಯಾರ ಮಾತು ನಡೀಬೇಕು?

ಅಮೆರಿಕದ ಹೈಸ್ಕೂಲ್ ನಿಯಮದ ಪ್ರಕಾರ ಇಬ್ಬರದ್ದೂ! ಸನ್ನೆ ಮಾಡಿ ಆಯ್ತು ಅಂದ್ರೆ ವಾಪಸ್ ತಗೊಳ್ಳೋ ಹಾಗಿಲ್ಲ. ಅದು ಡಬಲ್ ಫೌಲ್. ಇಬ್ಬರು ಆಟಗಾರರ ಲೆಕ್ಕಕ್ಕೂ ಒಂದೊಂದು ಫೌಲ್, ಫ್ರೀ ಥ್ರೋ ಯಾರಿಗೂ ಇಲ್ಲ, ಆಟ ನಿಂತಲ್ಲಿಂದ ಮುಂದಕ್ಕೆ. ಎನ್‌ಬಿಎಯಲ್ಲಿ ರೆಫರಿಗಳ ಭಿನ್ನಾಭಿಪ್ರಾಯದಿಂದ ಡಬಲ್ ಫೌಲ್ ಆದ್ರೆ ಅಂಗಳದ ನಡುವೆ ಜಂಪ್ ಬಾಲ್. ನಮ್ಮ ದೇಶದಲ್ಲೂ ನಡೆಯೋ ಫೀಬಾ ನಿಯಮದಲ್ಲಿ, ರೆಫರಿಗಳಿಗೆ ಒಮ್ಮತ ಬರದಿದ್ರೆ ಕೊನೆಯ ಮಾತು ಮುಖ್ಯ ರೆಫರಿಯದ್ದು.

ಹೈಸ್ಕೂಲ್ ನಿಯಮ ನೋಡಿ ನಗೋರೇ ಜಾಸ್ತಿ. ನಗೋದರಲ್ಲಿ ತಪ್ಪೂ ಇಲ್ಲ. ಅಡ್ಡ ನಿಂತವನು ಸರಿಯಾಗಿ ಜಾಗ ಹಿಡಿದಿದ್ನೋ ಇಲ್ವೋ, ಎರಡರಲ್ಲಿ ಒಂದೇ ನಿಜ ಆಗೋಕೆ ಸಾಧ್ಯ. ಅಂದ ಮೇಲೆ ಇಬ್ಬರಲ್ಲಿ ಒಬ್ಬ ನಿರಪರಾಧಿಗೂ ಶಿಕ್ಷೆ ಆಗ್ತಿದೆ. ಅದು ಅವನ ಐದನೇ ಫೌಲ್ ಆಗಿದ್ರೆ? ಅವತ್ತಿನ ಆಟ ಅವನಿಗೆ ಅಲ್ಲಿಗೇ ಮುಗೀತು. ರೆಫರಿಗಳ ಆತುರಕ್ಕೆ ದಂಡ ಕಟ್ಟೋನು ಹುಡುಗ.

ನಮ್ಮ ಕಸುಬಿನವರಿಗೆ ಇದು ಅಪರಿಚಿತ ಏನಲ್ಲ. ಒಂದೇ ಸಾಲನ್ನ ಇಬ್ಬರು ಬೇರೆ ಬೇರೆ ಥರ ತಿದ್ದಿದ್ರೆ ಮರ್ಜ್ ಕಾನ್‌ಫ್ಲಿಕ್ಟ್ ಬರುತ್ತೆ. ಯಾರ ಮನಸ್ಸಿಗೂ ನೋವಾಗೋದು ಬೇಡ ಅಂತ ಎರಡೂ ಸಾಲು ಇಟ್ಕೊಂಡ್ರೆ ಇಬ್ಬರ ಗೌರವವೂ ಉಳಿಯುತ್ತೆ, ಪ್ರೋಗ್ರಾಂ ಮಾತ್ರ ಉಳಿಯಲ್ಲ.

ಹಾಗಂತ 'ದೊಡ್ಡವರು ಹೇಳಿದ್ದೇ ಫೈನಲ್' ಅನ್ನೋದೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಫೀಬಾ ನಿಯಮದಲ್ಲೇ ಇನ್ನೊಂದು ಮಾತಿದೆ: ಒಬ್ಬ ರೆಫರಿ ತನ್ನ ಕರ್ತವ್ಯದ ಮಿತಿಯೊಳಗೆ ಕೊಟ್ಟ ತೀರ್ಪನ್ನ ಇನ್ನೊಬ್ಬ ರದ್ದು ಮಾಡೋ ಹಾಗಿಲ್ಲ, ಪ್ರಶ್ನಿಸೋ ಹಾಗೂ ಇಲ್ಲ. ನನಗೆ ತುಂಬ ಹಿಡಿಸಿದ ನಿಯಮ ಇದು. ಇದಿಲ್ಲದಿದ್ರೆ ಹತ್ತಿರದಲ್ಲೇ ನಿಂತು ಸರಿಯಾಗಿ ನೋಡಿದ ಕಿರಿಯನ ಮಾತು, ದೂರದಲ್ಲಿದ್ದ ಹಿರಿಯನ ದನಿ ಮುಂದೆ ಅಡಗಿ ಹೋಗುತ್ತೆ. ಅದನ್ನ ಆಫೀಸಿನ ಮೀಟಿಂಗ್‌ಗಳಲ್ಲಿ ದಿನಾ ನೋಡ್ತೀವಲ್ಲ...

ಹಾಗಾದ್ರೆ ದಾರಿ ಯಾವುದು? ಸೀಟಿ ಊದೋಕೆ ಮುಂಚೆಯೇ ಇದೆ. ಎನ್‌ಬಿಎಯಲ್ಲಿ 1988-89ರ ಋತುವಿನಿಂದ ಅಂಗಳದಲ್ಲಿ ಮೂವರು ರೆಫರಿಗಳು ಇರ್ತಾರೆ. ಮೂವರೂ ಚೆಂಡಿನ ಹಿಂದೆ ಓಡಲ್ಲ. ಅಂಗಳವನ್ನ ಹಂಚಿಕೊಂಡಿರ್ತಾರೆ, ಆಟ ಸಾಗಿದ ಹಾಗೆ ಆ ಭಾಗಗಳೂ ಬದಲಾಗ್ತವೆ. ಎರಡು ಸೀಟಿ ಒಟ್ಟಿಗೆ ಕೇಳಿಸಿದ್ರೆ ಅವರಿಗೆ ಕಲಿಸೋ ಪಾಠ ಸರಳ: ಮುಷ್ಟಿ ಎತ್ತಿ ಗಡಿಯಾರ ನಿಲ್ಲಿಸು, ಕೈ ಅಲ್ಲೇ ಇರಲಿ, ಜೊತೆಗಾರನ ಕಣ್ಣು ನೋಡು. ಡಿಕ್ಕಿ ಯಾರ ಭಾಗದಲ್ಲಿ ಆಯ್ತೋ ಅವನು ಸನ್ನೆ ಮಾಡಲಿ, ಇನ್ನೊಬ್ಬ ಸುಮ್ಮನೆ ಕೈ ಇಳಿಸಲಿ. ಮುಷ್ಟಿ ಎತ್ತೋದಕ್ಕೂ ಸೊಂಟಕ್ಕೆ ಕೈ ಇಡೋದಕ್ಕೂ ನಡುವೆ ಇರೋ ಆ ಒಂದು ಕ್ಷಣದಲ್ಲೇ ಎಲ್ಲ ಇದೆ.

ಇಲ್ಲಿ ಗೆಲ್ಲೋದು ಹಿರಿತನವೂ ಅಲ್ಲ, ಜೋರು ದನಿಯೂ ಅಲ್ಲ, ಚೆನ್ನಾಗಿ ಕಾಣೋ ಜಾಗದಲ್ಲಿ ನಿಂತಿದ್ದ ಕಣ್ಣು. ಅದೂ ಮೊದಲೇ ಮಾತಾಡಿಕೊಂಡಿದ್ದು, ಜಗಳ ಶುರುವಾದ ಮೇಲೆ ಅಲ್ಲ.

ಡಬಲ್ ಫೌಲ್ ನಿಯಮ ಪುಸ್ತಕದಲ್ಲಿ ಇರಲಿ ಬಿಡಿ. ಮನೆಯಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇಟ್ಟ ಹಾಗೆ. ಆದ್ರೆ ಅದನ್ನ ನ್ಯಾಯ ಅಂತ ಕರೀಬೇಡಿ. 'ಇಬ್ಬರದ್ದೂ ತಪ್ಪು' ಅನ್ನೋದು ಕೇಳೋಕೆ ಸಮಾನತೆ ಥರ ಇರುತ್ತೆ. ಎಷ್ಟೋ ಸಲ ಅದರ ಅರ್ಥ 'ನಾವು ಸರಿಯಾಗಿ ನೋಡಲಿಲ್ಲ' ಅಂತ ಅಷ್ಟೇ.

ನೀವೇನಂತೀರಿ? ಎರಡೂ ಕಡೆಗೆ ಸೀಟಿ ಊದೋರು ನಿಮ್ಮ ಸುತ್ತ ಎಷ್ಟು ಜನ ಇದ್ದಾರೆ?